ಸೋಮವಾರದ ಚೀಲ

ನಮ್ಮ ದೊಡ್ಡಪ್ಪ ಸೂಗಪ್ಪ ಶುಕ್ರವಾರ ಒಂದು ಕಡ್ಡಿ ಎತ್ತಿ ಅತ್ತಿತ್ತ ಇಡುತ್ತಿರಲಿಲ್ಲ. ಮಸ್ಕಿಯಲ್ಲಿ ಇದೊಂದು ನಗುವ ಮಾತಾಗಿತ್ತು. ಮಲ್ಲಯ್ಯನ ಗುಡ್ಡದ ಬುಡದಲ್ಲೇ ಹುಟ್ಟಿದವನು, ಕೊರಳಲ್ಲಿ ಲಿಂಗ ಕಟ್ಟಿದವನು, ಹಣೆ ತುಂಬ ವಿಭೂತಿ ಬಳಿದುಕೊಳ್ಳುವವನು. ಸೋಮವಾರ ಊರಿನ ಎತ್ತುಗಳೆಲ್ಲ ಮೈ ತೊಳೆಸಿಕೊಂಡು ನೆರಳಲ್ಲಿ ಮೆಲುಕು ಹಾಕುತ್ತಿದ್ದರೆ ಇವನೊಬ್ಬ ಹೆಗಲಿಗೆ ಭಾರ ಏರಿಸಿಕೊಂಡು ಹೊರಡುತ್ತಿದ್ದ. ಶುಕ್ರವಾರ ಬಂತೆಂದರೆ ಪಡಸಾಲೆಯಲ್ಲಿ ಅಂಗಾತ ಮಲಗಿ ಎರಡೂ ಕಾಲು ಗೋಡೆಗೆ ಏರಿಸಿಬಿಡುತ್ತಿದ್ದ. ಸೂಗಪ್ಪ ಹೋಗಿ ಸೂಗಾಸಾಬ ಆಗಿದ್ದಾನೆ ಎಂದು ಊರ ಬಾಗಿಲಿನ ಅಗಸಿ ಕಟ್ಟೆಯ ಮೇಲೆ ಕುಳಿತವರು ಆಡಿಕೊಳ್ಳುತ್ತಿದ್ದರು. ಕಟ್ಟೆಯ ಮೇಲೆ ಕುಳಿತವರಿಗೆ ಆಡಿಕೊಳ್ಳುವುದು ಬಿಟ್ಟು ಬೇರೆ ಕೆಲಸವಾದರೂ ಏನಿತ್ತು? ಅವರ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಇದನ್ನೆಲ್ಲ ನನಗೆ ಹೇಳಿದವಳು ಸೂಗಪ್ಪನ ಹೆಂಡತಿ ಶೇಖರಮ್ಮ, ನನ್ನ ತಾಯಿಯ ಅಕ್ಕ. ಒಂದೇ ಸಲಕ್ಕೆ ಹೇಳಲಿಲ್ಲ. ಜೋಳ ಹಸನು ಮಾಡುತ್ತ ಒಂದಿಷ್ಟು, ರೊಟ್ಟಿ ತಟ್ಟುತ್ತ ಒಂದಿಷ್ಟು. ಕಣ್ಣೀರು ಬಂದರೆ ಒಲೆಯ ಹೊಗೆಯ ಮೇಲೆ ಹಾಕುತ್ತಿದ್ದಳು.

೧೯೪೮ರ ಬೇಸಿಗೆಯಲ್ಲಿ ಸೂಗಪ್ಪ ಟಪಾಲು ಹರಕಾರನಾದ. ಹರಕಾರ ಎಂದರೆ ಟಪಾಲಿನ ಚೀಲ ಹೊತ್ತು ಊರಿಂದ ಊರಿಗೆ ಓಡುವವನು. ಲಿಂಗಸುಗೂರಿನಿಂದ ಮಸ್ಕಿಯ ತನಕ ಮೋಟಾರು ಬರುತ್ತಿತ್ತು. ಮಸ್ಕಿಯಿಂದ ಬಳಗಾನೂರಿಗೆ ಎರೆಹೊಲದ ನಡುವಿನ ಬಂಡಿಜಾಡು, ಅಲ್ಲಿ ಮನುಷ್ಯನ ಕಾಲೇ ಮೋಟಾರು. ಆ ಹಾದಿಯ ನಡುವೆ ಒಂದು ಬೇವಿನ ಮರ, ಅದರ ಬುಡಕ್ಕೆ ಕಲ್ಲಿನ ಕಟ್ಟೆ. ಸೂಗಪ್ಪ ಮಸ್ಕಿಯ ಚೀಲ ಹೊತ್ತು ಬೆಳಿಗ್ಗೆ ಅಲ್ಲಿಗೆ ಹೋಗಬೇಕು, ಬಳಗಾನೂರಿನ ಚೀಲ ಹೊತ್ತು ಜಿಲಾನಿಸಾಬ್ ಅಲ್ಲಿಗೆ ಬರಬೇಕು. ಚೀಲ ಅದಲುಬದಲು ಮಾಡಿಕೊಂಡು ಇಬ್ಬರೂ ತಮ್ಮ ತಮ್ಮ ಊರಿಗೆ ತಿರುಗಬೇಕು. ಇದು ದಿನದ ಕೆಲಸ.

ಜಿಲಾನಿಸಾಬ್ ಹಳೆಯ ಹರಕಾರ, ಸೂಗಪ್ಪನಿಗಿಂತ ಹದಿನೈದು ವರ್ಷಕ್ಕೆ ದೊಡ್ಡವನು. ಸಣಕಲು ದೇಹ, ಉದ್ದ ಕಾಲು, ಮಾತು ಕಡಿಮೆ. ಸೂಗಪ್ಪ ಅವನನ್ನು ಕಾಕಾ ಎನ್ನುತ್ತಿದ್ದ.

ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದ ಎನ್ನುತ್ತಾರಲ್ಲ, ಸೂಗಪ್ಪನದೂ ಹಾಗೇ ಆಯಿತು. ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು, ಬೆನ್ನ ಮೇಲೆ ಸರಕಾರದ ಚೀಲ, ಹಾದಿಗುಂಟ ಹೊಲದಲ್ಲಿದ್ದವರೆಲ್ಲ ತಲೆಯೆತ್ತಿ ನೋಡುವವರು. ನಿನ್ನೆಗಿಂತ ಇವತ್ತು ಜೋರು, ಇವತ್ತಿಗಿಂತ ನಾಳೆ ಜೋರು ಎಂದು ಹಟ ಹಿಡಿದು ಓಡಿದ. ತಿಂಗಳೊಪ್ಪತ್ತಿನಲ್ಲಿ ಮೊಣಕಾಲ ಕೆಳಗಿನ ಎಲುಬು ಬಾತುಕೊಂಡಿತು. ಬೆಳಿಗ್ಗೆ ನೆಲಕ್ಕೆ ಕಾಲೂರಿದರೆ ಸೂಜಿ ಚುಚ್ಚಿದ ಹಾಗೆ. ಹೇಳಿಕೊಂಡರೆ ನೌಕರಿ ಹೋದೀತೆಂದು ಹಲ್ಲು ಕಚ್ಚಿ ಮತ್ತೂ ಜೋರಾಗಿ ಓಡಿದ. ಕೊನೆಗೊಂದು ದಿನ ಬೇವಿನ ಕಟ್ಟೆಗೆ ಕುಂಟುತ್ತ ಬಂದವನನ್ನು ಜಿಲಾನಿಸಾಬ್ ಹಿಡಿದು ಕೂರಿಸಿ, ನಿಮ್ಮ ಮನೆಯ ಎತ್ತುಗಳನ್ನು ವಾರಕ್ಕೆ ಎಷ್ಟು ದಿನ ಹೂಡುತ್ತೀರಿ ಎಂದು ಕೇಳಿದ. ಸೋಮವಾರ ಬಿಟ್ಟು ದಿನಾ ಎಂದ ಸೂಗಪ್ಪ. ಸೋಮವಾರ ಯಾಕೆ ಬಿಡುತ್ತೀರಿ ಎಂದರೆ, ಅದು ಬಸವಣ್ಣನ ವಾರ ಅಲ್ಲವೇ, ಅವತ್ತು ಎತ್ತಿನ ಕೊರಳಿಗೆ ನೊಗ ತೋರಿಸಬಾರದು ಎಂದ.

"ಎತ್ತಿನ ಕಾಲಷ್ಟ ಕಾಲೇನು ಬೇಟಾ? ನಿಂದೇನು ಕಟಗೀದೈತಿ?" ಎಂದ ಜಿಲಾನಿಸಾಬ್. "ಓಡೂದು ಯಾವ ಮಂಗ್ಯಾನೂ ಓಡತಾನ. ಯಾವಾಗ ನಿಲ್ಲಬೇಕು ಅನ್ನೂದು ತಿಳದಾವ ಹರಕಾರ."

ಅಂದಿನಿಂದ ಪಾಠ ಶುರುವಾಯಿತು. ಜಿಲಾನಿಸಾಬ್‌ನ ಲೆಕ್ಕದಲ್ಲಿ ವಾರದಲ್ಲಿ ಮೂರು ಬಗೆಯ ದಿನ. ಜೋರು ದಿನ, ಹಗುರ ದಿನ, ಸುಮ್ಮನ ದಿನ. ಜೋರು ದಿನ ಮೈಯಲ್ಲಿದ್ದದ್ದೆಲ್ಲ ಹಾಕಿ ಓಡು, ಬೇಡ ಎನ್ನುವುದಿಲ್ಲ. ಆದರೆ ಅದರ ಮಾರನೆಯ ದಿನ ಹಗುರ; ಬಿರಬಿರನೆ ನಡೆದರೆ ಸಾಕು, ತಡವಾದರೆ ಬೈಸಿಕೊಂಡರಾಯಿತು. ವಾರಕ್ಕೊಂದು ಸುಮ್ಮನ ದಿನ. ಅವತ್ತು ಹೊಲಕ್ಕೂ ಹೋಗಬಾರದು, ಕಟ್ಟಿಗೆಯನ್ನೂ ಒಡೆಯಬಾರದು. ಅಂಗಾಲಿಗೆ ಎಣ್ಣೆ ತಿಕ್ಕಿಕೊಂಡು ಕಾಲನ್ನು ಗೋಡೆಗೆ ಏರಿಸಿ ಮಲಗಬೇಕು. ಓಡಿದ್ದು ಮೈಗೆ ಹತ್ತುವುದು ಓಡುವಾಗ ಅಲ್ಲ, ಮಲಗಿದಾಗ. ಹೊಲ ಕೂಡ ಮಳೆ ಬೀಳುವಾಗ ಬೆಳೆಯುವುದಿಲ್ಲ, ಮಳೆ ನಿಂತ ಮೇಲೆ ಬೆಳೆಯುತ್ತದೆ ಎನ್ನುತ್ತಿದ್ದ. ಇನ್ನೊಂದು ಕಟ್ಟಳೆಯನ್ನೂ ಹಾಕಿದ್ದ. ದಣಿದು ಮಲಗಿದ ಹರಕಾರನನ್ನು ಯಾರೂ ಎಬ್ಬಿಸಬಾರದು, ಸೂರ್ಯ ತಲೆಯ ಮೇಲೆ ಬಂದರೂ ಸರಿ.

ಸುಮ್ಮನ ದಿನ ಸಿಗುವುದಾದರೂ ಹೇಗೆ? ಟಪಾಲು ಒಂದು ದಿನವೂ ನಿಲ್ಲುವಂತಿರಲಿಲ್ಲ. ಅದಕ್ಕೆ ಇಬ್ಬರೂ ತಮ್ಮೊಳಗೇ ಒಂದು ಏರ್ಪಾಟು ಮಾಡಿಕೊಂಡರು. ಸೋಮವಾರ ಸೂಗಪ್ಪ ಮನೆಯಲ್ಲಿ ಉಳಿಯುವುದು, ಜಿಲಾನಿಸಾಬ್ ಬಳಗಾನೂರಿನಿಂದ ಮಸ್ಕಿಯ ತನಕ ಇಡೀ ಹಾದಿ ಬಂದು ಚೀಲ ಒಯ್ಯುವುದು. ಶುಕ್ರವಾರ ಜಿಲಾನಿಸಾಬ್ ನಮಾಜಿಗೆ ಉಳಿಯುವುದು, ಸೂಗಪ್ಪ ಬಳಗಾನೂರಿನ ತನಕ ಹೋಗಿ ಬರುವುದು. ಒಬ್ಬನ ಸುಮ್ಮನ ದಿನ ಇನ್ನೊಬ್ಬನ ಜೋರು ದಿನ. ಕಾಗದದ ಮೇಲೆ ಇಬ್ಬರೂ ದಿನಾ ಓಡುತ್ತಿದ್ದರು, ಚೀಲ ಹೊತ್ತಿಗೆ ಸರಿಯಾಗಿ ಮುಟ್ಟುತ್ತಿತ್ತು, ಟಪಾಲಖಾನೆಯ ಮುನ್ಷಿ ಕಂಡೂ ಕಾಣದ ಹಾಗೆ ಇದ್ದುಬಿಟ್ಟ. ಸೂಗಪ್ಪನ ಕಾಲಿನ ಬಾವು ಇಳಿಯಿತು. ಬೇಸಿಗೆ ಮುಗಿಯುವುದರೊಳಗೆ ಓಡಿ ಬಂದರೂ ಮೂಗಿನಲ್ಲೇ ಉಸಿರಾಡುವಷ್ಟು ಪಳಗಿದ್ದ.

ಆ ವರ್ಷದ ಸೆಪ್ಟೆಂಬರಿನಲ್ಲಿ ನಿಜಾಮನ ರಾಜ್ಯ ಹೋಯಿತು. ಅದಕ್ಕೆ ಮೊದಲು ಒಂದು ಮಂದಿ ಹೆದರಿ ಊರು ಬಿಟ್ಟಿದ್ದರು, ಆಮೇಲೆ ಇನ್ನೊಂದು ಮಂದಿ ಹೆದರಿ ಬಾಗಿಲು ಹಾಕಿಕೊಂಡರು. ಯಾರೋ ಮಾಡಿದ್ದಕ್ಕೆ ಇನ್ಯಾರೋ ತಲೆ ಕೊಡುವ ಕಾಲ ಅದು. ಜಿಲಾನಿಸಾಬ್ ಯಾರಿಗೂ ಕೆಟ್ಟದ್ದು ಮಾಡಿದವನಲ್ಲ. ಆದರೆ ಬಯಲು ಹಾದಿಯಲ್ಲಿ ಒಬ್ಬನೇ ಓಡುವ ಮನುಷ್ಯನಿಗೆ, ನಿನ್ನ ಹೆಸರೇನು ಎಂದು ಒಬ್ಬ ಕೇಳಿದರೆ ಸಾಕಿತ್ತು. ಅವನ ಹೆಂಡತಿ ಶಂಶಾದ್‌ಬೀ ಹೊಸ್ತಿಲಿಗೆ ಅಡ್ಡ ಕುಳಿತುಬಿಟ್ಟಳು. ಕೆಲಸಕ್ಕೆ ಬಾರದಿದ್ದರೆ ನೌಕರಿ ಹೋಗುತ್ತಿತ್ತು. ಹೋಗಲಿಲ್ಲ, ಏಕೆಂದರೆ ಸೂಗಪ್ಪ ಇಡೀ ಹಾದಿಯನ್ನು ಒಬ್ಬನೇ ಓಡಿದ. ಜಿಲಾನಿಸಾಬ್ ಮರದ ತನಕ ಬರುತ್ತಿದ್ದಾನೆ ಎಂದು ಮುನ್ಷಿಯ ಎದುರು ಮುಖ ನೋಡಿ ಸುಳ್ಳು ಹೇಳಿದ. ದೀಪಾವಳಿಯ ತನಕ ಹೀಗೇ ನಡೆಯಿತು. ಅಷ್ಟೂ ವಾರ ಜೋರು ದಿನವೇ. ಹಗುರ ದಿನವೂ ಇಲ್ಲ, ಸುಮ್ಮನ ದಿನವೂ ಇಲ್ಲ. ಸೋಮವಾರಗಳಲ್ಲೂ ಓಡಿದ.

ಗದ್ದಲ ಅಡಗಿ ಜಿಲಾನಿಸಾಬ್ ಮತ್ತೆ ಬೇವಿನ ಕಟ್ಟೆಗೆ ಬಂದ ದಿನ ಸೂಗಪ್ಪ ಅರ್ಧ ಆಳಾಗಿದ್ದ. ಅವನ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ಜಿಲಾನಿಸಾಬ್ ಎಣ್ಣೆ ತಿಕ್ಕಿದ. ಬೇಡ ಕಾಕಾ ಎಂದರೂ ಬಿಡಲಿಲ್ಲ. ಸೂಗಪ್ಪ ಅದೇ ವಾರ ಗುಡ್ಡ ಹತ್ತಿ ಮಲ್ಲಯ್ಯನ ಮುಂದೆ ತಪ್ಪು ಕಾಣಿಕೆ ಹಾಕಿ, ಇನ್ನು ಮೇಲೆ ಜೀವ ಇರುವ ತನಕ ಸೋಮವಾರ ಮುರಿಯುವುದಿಲ್ಲ ಎಂದು ಮಾತು ಕೊಟ್ಟು ಬಂದ. ದೇವರು ಆ ಮಾತನ್ನು ಕೇಳಿದನೋ ಇಲ್ಲವೋ, ಜಿಲಾನಿಸಾಬ್ ಕೇಳಿದ. ಅವನಿಗೆ ಅದು ಕಲ್ಲಿನ ಮೇಲಿನ ಗೆರೆಯಾಯಿತು.

ಆಮೇಲಿನದು ಒಳ್ಳೆಯ ಕಾಲ. ಸೂಗಪ್ಪ ಸೋಮವಾರ ಬೆಳಿಗ್ಗೆ ಎತ್ತುಗಳ ಮೈ ತೊಳೆದು, ತಾನೂ ಮೈ ತೊಳೆದುಕೊಂಡು, ಒಪ್ಪತ್ತು ಇದ್ದು ಗುಡ್ಡ ಹತ್ತುತ್ತಿದ್ದ. ಹೊತ್ತು ಮುಳುಗುವ ತನಕ ಗುಡಿಯ ಹಿಂದಿನ ಬಂಡೆಯ ಮೇಲೆ ಕಾಲು ಚಾಚಿ ಕೂರುತ್ತಿದ್ದ. ಅಲ್ಲಿಂದ ಬಳಗಾನೂರಿನ ಹಾದಿ ಊರ ಹೊರಗಿನ ಹಳ್ಳದ ತನಕ ಕಾಣುತ್ತಿತ್ತು. ಮಧ್ಯಾಹ್ನ ಮೋಟಾರು ಬಂದು ಹೋದ ಮೇಲೆ ಆ ಹಾದಿಯಲ್ಲಿ ಒಂದು ಚುಕ್ಕಿ ಹೊರಡುತ್ತಿತ್ತು. ಕಾಕಾ ಹೊರಟ ಎಂದುಕೊಳ್ಳುತ್ತಿದ್ದ. ಚುಕ್ಕಿ ಹಳ್ಳದಲ್ಲಿ ಇಳಿದು ಮರೆಯಾಗುವ ತನಕ ನೋಡುತ್ತಿದ್ದ. ಸೋಮವಾರ ಅವರಿಬ್ಬರ ಭೇಟಿ ಎಂದರೆ ಅಷ್ಟೇ. ಅದಕ್ಕೆ ಮೊದಲು ಜಿಲಾನಿಸಾಬ್ ಸೂಗಪ್ಪನ ಮನೆಯ ಕಟ್ಟೆಗೆ ಬಂದು, ಶೇಖರಮ್ಮ ಕೊಟ್ಟ ರೊಟ್ಟಿ ಮಜ್ಜಿಗೆ ತೆಗೆದುಕೊಂಡು, ಅಲ್ಲಿಂದ ಟಪಾಲಖಾನೆಗೆ ಹೋಗುತ್ತಿದ್ದ. ಚೀಲ ಎತ್ತಿಕೊಂಡ ಮೇಲೆ ನಮ್ಮ ಓಣಿಗೆ ತಿರುಗಿ ಬರುತ್ತಿರಲಿಲ್ಲ.

ನಿಜಾಮನ ಕಾಲದಲ್ಲಿ ಕಚೇರಿಗೆ ಶುಕ್ರವಾರ ರಜೆ. ಅವತ್ತಿನ ಚೀಲ ತೆಳ್ಳಗಿರುತ್ತಿತ್ತು. ಎರಡು ದಿನದ ಟಪಾಲು ಕೂಡಿದ ದೊಡ್ಡ ಚೀಲ ಶನಿವಾರ ಬರುತ್ತಿತ್ತು. ಶನಿವಾರ ಇಬ್ಬರೂ ಹಾದಿಯಲ್ಲಿರುತ್ತಿದ್ದರು, ಆದ್ದರಿಂದ ಭಾರ ಅರ್ಧ ಇವನಿಗೆ, ಅರ್ಧ ಅವನಿಗೆ. ಐವತ್ತರಲ್ಲಿ ಟಪಾಲು ದಿಲ್ಲಿಯ ಸರಕಾರಕ್ಕೆ ಸೇರಿತು. ಭಾನುವಾರ ರಜೆ, ಅವತ್ತು ಈ ಹಾದಿಯಲ್ಲಿ ಚೀಲವೇ ಇಲ್ಲ ಎಂದು ಹುಕುಂ ಬಂತು. ಹರಕಾರರಿಗೆ ವಿಶ್ರಾಂತಿ ಕೊಟ್ಟಿದ್ದೇವೆ ಎಂದು ಲಿಂಗಸುಗೂರಿನಿಂದ ಬಂದ ಸಾಹೇಬರು ಮಸ್ಕಿಯಲ್ಲಿ ನಿಂತು ಹೇಳಿ ಹೋದರು. ಸೂಗಪ್ಪನಿಗೆ ಖುಷಿಯೋ ಖುಷಿ. ಭಾನುವಾರವೂ ಸುಮ್ಮನ ದಿನ, ಅದರ ಬೆನ್ನಿಗೆ ಸೋಮವಾರವೂ ಸುಮ್ಮನ ದಿನ. ಕಾಕಾನಿಗೂ ಶುಕ್ರವಾರ, ಭಾನುವಾರ ಎರಡು ದಿನ ಸಿಕ್ಕಿತಲ್ಲ ಎಂದು ಅವನ ಪರವಾಗಿಯೂ ಇವನೇ ಖುಷಿಪಟ್ಟ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ರಜೆ ಭಾನುವಾರಕ್ಕೆ ಸರಿದ ಕೂಡಲೇ ದೊಡ್ಡ ಚೀಲ ಶನಿವಾರದಿಂದ ಸೋಮವಾರಕ್ಕೆ ಸರಿಯಿತು. ಸೋಮವಾರ ಹಾದಿಯಲ್ಲಿ ಇದ್ದವನು ಒಬ್ಬನೇ. ಇಡೀ ಭಾರ, ಇಡೀ ಹಾದಿ, ಒಂದೇ ಬೆನ್ನು. ಇದು ಸೂಗಪ್ಪನಿಗೆ ಹೊಳೆಯಲೇ ಇಲ್ಲ. ಸೋಮವಾರದ ಚೀಲವನ್ನು ಅವನು ಒಂದು ದಿನವೂ ಮುಟ್ಟಿರಲಿಲ್ಲ, ಮುಟ್ಟುವುದೇ ಪಾಪ ಎಂದು ಟಪಾಲಖಾನೆಯ ಕಡೆ ಅವತ್ತು ತಲೆ ಹಾಕಿಯೂ ಮಲಗುತ್ತಿರಲಿಲ್ಲ. ದೊಡ್ಡಪ್ಪನ ಮೇಲೆ ನನಗೆ ಎಷ್ಟೇ ಪ್ರೀತಿ ಇರಲಿ, ಇದನ್ನು ಹೇಳದೆ ಇರಲಾರೆ. ಎತ್ತಿನ ಹೆಗಲು ಬಾತಿದೆಯೇ ಎಂದು ವಾರವಾರ ತಡವಿ ನೋಡುತ್ತಿದ್ದವನು, ಕಾಕಾನ ಹೆಗಲನ್ನು ಒಮ್ಮೆ ನೋಡಬಾರದಿತ್ತೇ?

ನಂತರ ತುಂಗಭದ್ರೆಯ ಕಾಲುವೆ ಅಗೆಯುವ ಕೆಲಸ ಈ ಕಡೆಗೆ ಬಂತು. ಸಿಂಧನೂರಿನ ಸುತ್ತ ಡೇರೆಗಳೆದ್ದವು. ತೆಲುಗು ಸೀಮೆಯಿಂದ, ಇನ್ನೆಲ್ಲೆಲ್ಲಿಂದಲೋ ಮಣ್ಣು ಹೊರುವವರು ಬಂದರು. ಬಳಗಾನೂರಿನ ಆಚೆಗೂ ಒಂದು ದೊಡ್ಡ ಡೇರೆ ಬಿತ್ತು. ಅವರಿಗೆ ಊರಿಂದ ಬರುವ ಕಾಗದ, ಗಂಟು, ಪಾರ್ಸಲ್ಲು, ಇಂಜಿನಿಯರರ ನಕ್ಷೆಗಳ ಸುರುಳಿ ಎಲ್ಲವೂ ಮಸ್ಕಿಯ ಮೇಲೆ ಹಾಯ್ದು ಹೋಗಬೇಕಿತ್ತು. ಉಳಿದ ದಿನಗಳ ಚೀಲವೇ ದಪ್ಪವಾಯಿತು. ಸೋಮವಾರದ್ದು ಹೇಗಾಗಿರಬೇಕು, ನೀವೇ ತಿಳಿದುಕೊಳ್ಳಿ.

ಮಂಗಳವಾರ ಬೇವಿನ ಕಟ್ಟೆಗೆ ಜಿಲಾನಿಸಾಬ್ ನಿಧಾನವಾಗಿ ನಡೆದು ಬರುತ್ತಿದ್ದ. ಬಂದು ಮಲಗುತ್ತಿದ್ದ. ಸೂಗಪ್ಪ ಅದನ್ನು ಹಗುರ ದಿನದ ಕಟ್ಟುನಿಟ್ಟು ಎಂದುಕೊಂಡ. ಗುಡ್ಡದ ಮೇಲಿನಿಂದ ನೋಡುವಾಗ ಆ ಚುಕ್ಕಿ ವರ್ಷದಿಂದ ವರ್ಷಕ್ಕೆ ನಿಧಾನವಾಗುತ್ತಿತ್ತು. ಅದನ್ನೂ ಗುರುವಿನ ಪಾಠವೆಂದೇ ಓದಿಕೊಂಡ. ನಾವು ಅವಸರ ಮಾಡುತ್ತೇವೆ, ಕಾಕಾ ನೋಡು, ಮೈಯನ್ನು ಹೇಗೆ ಕಾಯ್ದುಕೊಳ್ಳುತ್ತಾನೆ ಎಂದು ಮನೆಗೆ ಬಂದು ಶೇಖರಮ್ಮನ ಮುಂದೆ ಹೊಗಳುತ್ತಿದ್ದ.

ಜಿಲಾನಿಸಾಬ್‌ನ ಮಗಳು ರಾಜಾಬೀಯನ್ನು ಸಿಂಧನೂರಿಗೆ ಕೊಟ್ಟಿದ್ದರು. ಅಳಿಯನಿಗೆ ಕಾಲುವೆಯ ಗೋದಾಮಿನಲ್ಲಿ ಕೆಲಸ. ಮಾವನಿಗೂ ಅಲ್ಲೇ ಕುಳಿತು ಮಾಡುವ ಕಾವಲು ಕೆಲಸ ಕೊಡಿಸುತ್ತೇನೆ, ಬಂದುಬಿಡಿ ಎಂದು ಆತ ಎರಡು ಸಲ ಹೇಳಿ ಕಳಿಸಿದ. ಶಂಶಾದ್‌ಬೀ ಪಾತ್ರೆ ಪಗಡೆ ಕಟ್ಟಿ ಇಟ್ಟಳು. ಬರುವ ವರ್ಷ ನೋಡೋಣ ಎಂದು ಜಿಲಾನಿಸಾಬ್ ಬಿಚ್ಚಿಸಿದ. ಒಮ್ಮೆ ಎದೆ ಹಿಡಿದುಕೊಂಡಿತೆಂದು ಅವಳೇ ಹಟ ಮಾಡಿ ಲಿಂಗಸುಗೂರಿಗೆ ಡಾಕ್ಟರ ಹತ್ತಿರ ಕರೆದೊಯ್ದಳು. ಭಾರ ಹೊರಬಾರದು, ಓಡಬಾರದು ಎಂದರಂತೆ ಡಾಕ್ಟರು. ಸೂಗಪ್ಪ ಕೇಳಿದಾಗ, ಡಾಕ್ಟರು ಬದನೆಕಾಯಿ ಬಿಡು ಅಂದರು ಎಂದು ಹೇಳಿ ಜಿಲಾನಿಸಾಬ್ ನಕ್ಕುಬಿಟ್ಟ.

ಐವತ್ನಾಲ್ಕರ ಶ್ರಾವಣ. ಮೂರು ದಿನ ಮಳೆ ಹಿಡಿದು, ಸೋಮವಾರ ಮಧ್ಯಾಹ್ನಕ್ಕೆ ತುಸು ಬಿಟ್ಟಿತ್ತು. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ಹೆಜ್ಜೆಹೆಜ್ಜೆಗೂ ಅಂಗಾಲಿಗೆ ಮೆತ್ತಿಕೊಂಡು ಗಡಿಗೆಯಷ್ಟು ಗಟ್ಟಿಯಾಗಿ ಕೂರುತ್ತದೆ. ಶ್ರಾವಣ ಸೋಮವಾರ ಎಂದು ಸೂಗಪ್ಪ ಬೆಳಗಾಗುವ ಮೊದಲೇ ಗುಡ್ಡ ಹತ್ತಿದ್ದ. ಜಿಲಾನಿಸಾಬ್ ಬಂದವನು ರೊಟ್ಟಿ ಮುರಿಯಲಿಲ್ಲ. ಮಜ್ಜಿಗೆ ಕುಡಿದು, ಸ್ವಲ್ಪ ಹೊತ್ತು ಕಾಲು ಗೋಡೆಗೆ ಇಟ್ಟು ಮಲಗಲೇ ಎಂದು ಕೇಳಿದ. ಶೇಖರಮ್ಮ ಕಂಬಳಿ ಹಾಸಿಕೊಟ್ಟಳು. ಅವನ ಕಾಲು ಬಾತು, ಒತ್ತಿದರೆ ಕುಳಿ ಬೀಳುವಂತಿದ್ದದ್ದನ್ನು ಅವಳು ಆಗ ನೋಡಿದಳು. ಇವತ್ತು ಇಲ್ಲೇ ಉಳಿಯಿರಿ, ಅವರು ಗುಡ್ಡ ಇಳಿದು ಬರಲಿ, ಬೇಕಾದರೆ ಚೀಲ ಅವರೇ ಒಯ್ಯುತ್ತಾರೆ ಎಂದಳು. ಅವನು ಎದ್ದು ರುಮಾಲು ಸುತ್ತಿಕೊಂಡ.

"ಬ್ಯಾಡ ಶೇಖವ್ವ. ಸೋಮಾರ ಅವಗ ನೊಗ ತೋರಸಬಾರದು," ಎಂದ. ನಗುತ್ತಲೇ ಹೇಳಿದ ಎನ್ನುತ್ತಿದ್ದಳು ಶೇಖರಮ್ಮ.

ಅವತ್ತು ರಾತ್ರಿ ಅವನು ಬಳಗಾನೂರು ಮುಟ್ಟಲಿಲ್ಲ. ಮಳೆಗೆ ಮಸ್ಕಿಯಲ್ಲೇ ಉಳಿದಿರಬೇಕೆಂದು ಅಲ್ಲಿ ಶಂಶಾದ್‌ಬೀ ಅಂದುಕೊಂಡಳು. ಊರು ಮುಟ್ಟಿರಬೇಕೆಂದು ಇಲ್ಲಿ ಇವರು ಅಂದುಕೊಂಡರು. ಮಂಗಳವಾರ ಬೆಳಿಗ್ಗೆ ಸೂಗಪ್ಪ ತನ್ನ ಚೀಲ ಹೊತ್ತು ಬೇವಿನ ಮರಕ್ಕೆ ಹೋದ. ಕಟ್ಟೆಯ ಮೇಲೆ ಜಿಲಾನಿಸಾಬ್ ಗೊಂಗಡಿ ಹೊದ್ದು, ಚೀಲಕ್ಕೆ ತಲೆಯಿಟ್ಟು ಮಲಗಿದ್ದ. ಎರಡೂ ಕಾಲು ಮರದ ಬೊಡ್ಡೆಗೆ ಏರಿಸಿದ್ದ.

ಸೂಗಪ್ಪ ಅವನನ್ನು ಎಬ್ಬಿಸಲಿಲ್ಲ. ದಣಿದು ಮಲಗಿದ ಹರಕಾರನನ್ನು ಎಬ್ಬಿಸಬಾರದು ಎಂಬುದು ಅವನೇ ಹಾಕಿದ ಕಟ್ಟಳೆ. ಕಾಕಾ ಇವತ್ತು ಬೇಗ ಬಂದಿದ್ದಾನೆ, ಮಲಗಲಿ ಎಂದುಕೊಂಡು, ಗೆಜ್ಜೆಯ ಕೋಲನ್ನು ಸಪ್ಪಳವಾಗದಂತೆ ಕೆಳಗಿಟ್ಟು ಪಕ್ಕದಲ್ಲಿ ಕುಳಿತ. ಬಿಸಿಲು ಮುಖದ ಮೇಲೆ ಬಿತ್ತೆಂದು ಸರಿದು ಕುಳಿತು ತನ್ನ ನೆರಳು ಕೊಟ್ಟ. ನೊಣ ಬಂದರೆ ರುಮಾಲಿನ ತುದಿಯಿಂದ ಓಡಿಸಿದ. ಬಹಳ ಹೊತ್ತಾದ ಮೇಲೆ ಬಳಗಾನೂರಿನ ಕಡೆಗೆ ಹೊರಟ ಬಂಡಿಯವನೊಬ್ಬ ಎತ್ತು ನಿಲ್ಲಿಸಿ, ಇಳಿದು ಬಂದು, ಜಿಲಾನಿಸಾಬ್‌ನ ಪಾದ ಮುಟ್ಟಿ ನೋಡಿ ಕೈ ಹಿಂದಕ್ಕೆಳೆದುಕೊಂಡ. ಸೂಗಪ್ಪ ಆಗಲೂ, ಮೆಲ್ಲಗೆ ಮಾತಾಡು, ಎದ್ದಾನು ಎಂದನಂತೆ. ಅವನ ಗೋಳನ್ನು ನಾನು ಬರೆಯಲಾರೆ. ಶೇಖರಮ್ಮನೂ ಇಲ್ಲಿಗೆ ಬಂದಾಗಲೆಲ್ಲ ಹೊಗೆ ಹೊಗೆ ಎಂದು ಎದ್ದು ಹೋಗುತ್ತಿದ್ದಳು.

ಇಬ್ಬರೂ ಸೇರಿ ಹೆಣವನ್ನು ಬಂಡಿಗೆ ಏರಿಸಿದರು. ಆಮೇಲೆ ಸೂಗಪ್ಪ ಚೀಲ ಎತ್ತಲು ಬಗ್ಗಿದ. ಒಂದು ಕೈಯಲ್ಲಿ ಎತ್ತಿದರೆ ಏಳಲಿಲ್ಲ. ಎರಡೂ ಕೈ ಹಾಕಿದ. ಮೊಣಕಾಲೂರಿ ಹೆಗಲು ಕೊಟ್ಟು ಎದ್ದ.

"ಇದು ಯಾರ ಚೀಲ?" ಎಂದು ಕೇಳಿದ. ಬಂಡಿಯವನಿಗೆ ಏನು ಗೊತ್ತು? ಮುದ್ರೆಯ ಮೇಲೆ ಮಸ್ಕಿ ಎಂದಿತ್ತು, ಸೋಮವಾರದ ತಾರೀಖು ಇತ್ತು. ಅಷ್ಟು ಓದು ಸೂಗಪ್ಪನಿಗೆ ಬರುತ್ತಿತ್ತು.

ಚೀಲ ಬಂಡಿಯಲ್ಲಿಡು ಎಂದರೆ ಇಡಲಿಲ್ಲ. ತನ್ನ ಮಂಗಳವಾರದ ಚೀಲವನ್ನು ಬಂಡಿಗೆ ಹಾಕಿ, ಸೋಮವಾರದ್ದನ್ನು ತಾನು ಹೊತ್ತು ಬಂಡಿಯ ಹಿಂದೆ ಕೆಸರಿನಲ್ಲಿ ಬಳಗಾನೂರಿನ ತನಕ ನಡೆದ. ಅದು ಹಾದಿಯ ಅರ್ಧ ಮಾತ್ರ. ಊರು ಮುಟ್ಟುವುದರೊಳಗೆ ಹೆಗಲಿನ ತೊಗಲು ಸುಲಿದಿತ್ತು.

ಶಂಶಾದ್‌ಬೀ ಮೊದಲು ಗಂಡನನ್ನು ನೋಡಿದಳು, ಆಮೇಲೆ ಸೂಗಪ್ಪನ ಹೆಗಲನ್ನು. ಅಳು ಒಂದಿಷ್ಟು ತಗ್ಗಿದ ಮೇಲೆ ಒಳಗಿನಿಂದ ಎಣ್ಣೆಯ ಬಟ್ಟಲು ತಂದು ಅವನ ಮುಂದಿಟ್ಟಳು. ಪ್ರತಿ ಸೋಮವಾರ ರಾತ್ರಿ ಈ ಎಣ್ಣೆಯನ್ನು ತಾನು ಅವರ ಹೆಗಲಿಗೆ ಹಚ್ಚುತ್ತಿದ್ದೆ ಎಂದಳು. ಯಾಕೆ ಹೇಳಲಿಲ್ಲ ಎಂದು ಸೂಗಪ್ಪ ಕೇಳಿದ.

"ಹೇಳತೀನಿ ಅಂತ ಎಷ್ಟು ಸಲ ಎದ್ದೀನಿ ಬೇಟಾ," ಎಂದಳು ಅವಳು. "ಆಣಿ ಹಾಕಿ ಕುಂದರಸ್ಯಾರ. ಗದ್ದಲದಾಗ ನನ್ನ ಜೀವ ಉಳಸಾಕ ಅವ ತನ್ನ ಸೋಮಾರ ಮುರದಾನ, ನನ್ನ ಬೆನ್ನು ಮುರದ್ರೂ ಚಿಂತಿಲ್ಲ, ಅವನ ಸೋಮಾರ ಇನ್ನೊಮ್ಮೆ ಮುರೀಬಾರದು ಅಂತಿದ್ರು."

ಸೂಗಪ್ಪ ಆ ಎಣ್ಣೆ ಹಚ್ಚಿಕೊಳ್ಳಲಿಲ್ಲ. ಮಣ್ಣಿಗೆ ಹೋಗುವಾಗ ಹೆಣ ಹೊರಲು ಅದೇ ಸುಲಿದ ಹೆಗಲನ್ನು ಕೊಟ್ಟ.

ಜಿಲಾನಿಸಾಬ್‌ನ ಜಾಗಕ್ಕೆ ಬಳಗಾನೂರಿನ ಅಂಬಪ್ಪ ಎಂಬವನು ಬಂದ. ಮದುವೆಯಾಗಿ ಎರಡು ಮಕ್ಕಳಿದ್ದವನು, ಒಕ್ಕಲುತನದ ಮನೆಯವನು, ಅವನಿಗೂ ಸೋಮವಾರ ಬೇಕು. ಸೂಗಪ್ಪ ಅವನನ್ನು ಒಂದು ಸೋಮವಾರ ಮಸ್ಕಿಗೇ ಕರೆಸಿದ. ಟಪಾಲಖಾನೆಯ ಮುಂದೆ ಚೀಲವನ್ನು ಅವನ ಬೆನ್ನಿಗೆ ಏರಿಸಿ, ಅಗಸಿಯ ತನಕ ನಡೆ ಎಂದ. ಅಂಬಪ್ಪ ಅಗಸಿ ಮುಟ್ಟುವುದರೊಳಗೆ ಏದುಸಿರು ಬಿಟ್ಟ. ಸೂಗಪ್ಪ ಚೀಲವನ್ನು ತಾನು ತೆಗೆದುಕೊಂಡ.

"ಇದು ನಿನ್ನ ಸೋಮಾರ," ಎಂದ. "ಒಮ್ಮೆ ಹೊತ್ತೀಯಲ್ಲ, ಸಾಕು. ಮನೀಗ್ಹೋಗಿ ಎತ್ತಿನ ಮೈ ತೊಳಿ."

ಅಂದಿನಿಂದ ಸೋಮವಾರದ ಇಡೀ ಹಾದಿ, ಇಡೀ ಚೀಲ ಸೂಗಪ್ಪನದಾಯಿತು. ಶುಕ್ರವಾರ ಅವನ ಸುಮ್ಮನ ದಿನವಾಯಿತು. ಮಠದ ಕರಿಬಸಯ್ಯನವರು ಮನೆಗೇ ಬಂದು, ದೇವರಿಗೆ ಕೊಟ್ಟ ಮಾತು ಮುರಿದರೆ ವಂಶಕ್ಕೆ ತಟ್ಟುತ್ತದೆ ಎಂದು ಹೆದರಿಸಿದರು. ಸೂಗಪ್ಪ ಅವರ ಪಾದಕ್ಕೆ ನೀರು ಹಾಕಿದ, ಹಾಲು ಕೊಟ್ಟ, ಅಗಸಿಯ ತನಕ ಕಳಿಸಿ ಬಂದ. ಮುಂದಿನ ಸೋಮವಾರ ಮತ್ತೆ ಚೀಲ ಹೊತ್ತ. ಇಬ್ಬರೂ ಅರ್ಧರ್ಧ ಹಾದಿ ಹೊತ್ತಿದ್ದರೆ ಹಗುರಾಗುತ್ತಿತ್ತಲ್ಲ ಎಂದು ನಾನು ಶೇಖರಮ್ಮನನ್ನು ಕೇಳಿದ್ದೇನೆ. ಅವಗ ಹಗುರಾಗೂದು ಬೇಕಾಗಿರಲಿಲ್ಲ ತಂಗಿ ಎಂದಳು.

ಶುಕ್ರವಾರ ಕಾಲನ್ನು ಗೋಡೆಗೆ ಏರಿಸಿ ಮಲಗಿದವನು ನಿದ್ದೆ ಮಾಡುತ್ತಿರಲಿಲ್ಲ. ಕಣ್ಣು ತೆರೆದು ಜಂತಿ ನೋಡುತ್ತಿದ್ದ. ಅದು ಅವನ ವಿಶ್ರಾಂತಿ ಆಗಿರಲಿಲ್ಲ, ಜಿಲಾನಿಸಾಬ್‌ಗೆ ಸಿಗದೆ ಉಳಿದದ್ದನ್ನು ಇವನು ಅವನ ಪರವಾಗಿ ಮಲಗಿ ತೀರಿಸುತ್ತಿದ್ದ. ಹಾಗಂತ ನಾನು ತಿಳಿದಿದ್ದೇನೆ.

ಐವತ್ತಾರರಲ್ಲಿ ಕಾಲುವೆಯ ಕೆಲಸಕ್ಕೆಂದು ಸಿಂಧನೂರಿನ ಕಡೆಯಿಂದ ಬಳಗಾನೂರಿಗೆ ಗಟ್ಟಿ ರಸ್ತೆ ಆಯಿತು. ಟಪಾಲು ಮೋಟಾರಿಗೆ ಹೋಯಿತು. ಹರಕಾರರು ಬೇಡವಾದರು. ಗೆಜ್ಜೆಯ ಕೋಲನ್ನು ಕಚೇರಿಗೆ ಒಪ್ಪಿಸಿ ಬಂದ ಮೇಲಿನ ಮೊದಲ ಸೋಮವಾರ, ಶೇಖರಮ್ಮ ಸಂತೋಷದಿಂದಲೇ ಬುತ್ತಿ ಕಟ್ಟಿ, ಇನ್ನಾದರೂ ಗುಡ್ಡಕ್ಕೆ ಹೋಗಿ ಬನ್ನಿ, ಮಲ್ಲಯ್ಯ ಎರಡು ವರ್ಷದಿಂದ ಕಾಯುತ್ತಿದ್ದಾನೆ ಎಂದಳು. ಸೂಗಪ್ಪ ಮಡಿಯುಟ್ಟು ಹೋದ. ಸ್ವಲ್ಪ ಹೊತ್ತಿಗೆಲ್ಲ ಬುತ್ತಿಯನ್ನು ಹಾಗೇ ಹಿಡಿದು ತಿರುಗಿ ಬಂದು ಕಟ್ಟೆಯ ಮೇಲೆ ಕುಳಿತ. ಗುಡ್ಡದ ಪಾವಟಿಗೆ ಹತ್ತಲಾಗಲಿಲ್ಲವೇ, ಕಾಲು ನೋಯುತ್ತದೆಯೇ ಎಂದು ಅವಳು ಕೇಳಿದಳು. ಕಾಲಿಗೇನೂ ಆಗಿಲ್ಲ ಎಂದ. ಆಮೇಲೆ, ಆ ಎರಡು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಹೇಳಿದ.

"ಮ್ಯಾಲ ಕುಂತ್ರ ಹಾದಿ ಕಾಣತೈತಿ," ಎಂದ. "ಆವತ್ತು ಕಾಕಾ ಊರು ದಾಟಿ ಹಳ್ಳದ ತನಕ ಹೋಗೂದ್ರಾಗ ಕುಂತಾ, ಎದ್ದಾ, ಮತ್ತ ಕುಂತಾ. ನಾ ಬಂಡೆಗಲ್ಲ ಮ್ಯಾಲ ಕಾಲು ಚಾಚಿ ನೋಡಾಕತ್ತಿದ್ದೆ. ಕಾಕಾ ಇವತ್ತ ಚೊಲೋತ್ನಾಗ ದಣಿವು ಆರಸ್ಕೊಂಡು ಹೊಂಟಾನ ಅಂತ ಮಲ್ಲಯ್ಯಗ ಕೈ ಮುಗದು, ಕೆಳಗ ಬಂದು ಉಂಡೆ."

ಅವನು ಮತ್ತೆ ಗುಡ್ಡ ಹತ್ತಲಿಲ್ಲ.